ನಿವೃತ್ತಿ ಹತ್ತಿರ ಬಂತು, ಆಸ್ಪತ್ರೆ ಖರ್ಚಿಗೆ ಯಾವ ಕಾರ್ಡ್ ನಂಬಬೇಕು?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯವು. ಕೆಲಸ ಇರುವಷ್ಟು ದಿನ ಇಎಸ್‌ಐಯೋ (ಕಡಿಮೆ ಸಂಬಳದ ಕಾರ್ಮಿಕರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ), ಕಂಪನಿಯ ಇನ್ಶೂರೆನ್ಸೋ ಏನೋ ಒಂದು ಇರುತ್ತದೆ. ಅದು ನಿಂತ ಮೇಲೆ ಸರ್ಕಾರದಿಂದ ಏನು ಸಿಗುತ್ತದೆ ಅಂತ. ಉತ್ತರ ಎಲ್ಲರಿಗೂ ಒಂದೇ ಅಲ್ಲ. ನೀವು ಎಲ್ಲಿ ಕೆಲಸ ಮಾಡಿದ್ದೀರಿ, ಮನೆಯಲ್ಲಿ ಯಾವ ರೇಷನ್ ಕಾರ್ಡ್ ಇದೆ, ವಯಸ್ಸು ಎಪ್ಪತ್ತು ದಾಟಿದೆಯಾ ಇಲ್ವಾ, ಇದನ್ನೆಲ್ಲ ನೋಡಬೇಕು. ಆದರೆ ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ: ಬೀಳ್ಕೊಡುಗೆ ಸಮಾರಂಭ ಮುಗಿಯಲಿ, ಆಮೇಲೆ ನೋಡೋಣ ಅಂತ ದಯವಿಟ್ಟು ಬಿಡಬೇಡಿ. ಕೆಲವು ಸೌಲಭ್ಯಗಳು ಕೆಲಸದಲ್ಲಿರುವಾಗಲೇ ಓಡಾಡಿದರೆ ಮಾತ್ರ ಸಿಗುತ್ತವೆ.

ಪ್ರಶ್ನೆ: ನಾನು ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಬಹಳ ವರ್ಷದಿಂದ ಮೆಷಿನ್ ಆಪರೇಟರ್. ಸಂಬಳ ಇಪ್ಪತ್ತು ಸಾವಿರದ ಒಳಗೆ. ಮುಂದಿನ ವರ್ಷ 58 ತುಂಬುತ್ತದೆ, ರಿಟೈರ್ ಆಗ್ತೀನಿ. ಹೆಂಡತಿಗೆ ಶುಗರ್, ಬಿಪಿ ಎರಡೂ ಇದೆ. ಔಷಧಿ ಎಲ್ಲ ಇಎಸ್‌ಐನಿಂದಲೇ. ಕೆಲಸ ಬಿಟ್ಟ ದಿನವೇ ಇಎಸ್‌ಐ ಹೋಗುತ್ತೆ ಅಂತ ಜೊತೆಯವರು ಹೇಳ್ತಾರೆ. ನಿಜವಾ? – ಕಾರ್ಮಿಕ ಓದುಗರು, ಬೆಂಗಳೂರು

ಉತ್ತರ: ನಿಜ ಅಲ್ಲ. ನಿಮ್ಮಂಥವರಿಗಾಗಿಯೇ ಇರುವ ಒಂದು ನಿಯಮ ಎಷ್ಟೋ ಜನರಿಗೆ ಗೊತ್ತೇ ಇಲ್ಲ ಅನ್ನೋದು ನನಗೆ ತುಂಬಾ ಬೇಸರದ ಸಂಗತಿ. ಕನಿಷ್ಠ 5 ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿದ್ದು ವಯೋನಿವೃತ್ತಿ ಹೊಂದಿದ ಕಾರ್ಮಿಕ ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಸಾಕು, ತನಗೂ ತನ್ನ ಹೆಂಡತಿಗೂ (ಕೆಲಸದಲ್ಲಿದ್ದವರು ಹೆಂಗಸಾದರೆ ಗಂಡನಿಗೂ) ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ತಿಂಗಳಿಗೆ ಹತ್ತೇ ರೂಪಾಯಿ ಆಯಿತು. ನಿಮ್ಮ ಹೆಂಡತಿಯ ಶುಗರ್ ಮಾತ್ರೆ ಈಗ ಡಿಸ್ಪೆನ್ಸರಿಯಲ್ಲಿ ಹೇಗೆ ಸಿಗುತ್ತಿದೆಯೋ ಹಾಗೆಯೇ ಆಮೇಲೂ ಸಿಗುತ್ತದೆ. ಮಕ್ಕಳು, ತಂದೆ ತಾಯಿ ಮಾತ್ರ ಇದರಲ್ಲಿ ಬರುವುದಿಲ್ಲ, ಗಂಡ ಹೆಂಡತಿ ಇಬ್ಬರಿಗೇ.

ಒಂದು ಕಡೆ ತುಂಬಾ ಹುಷಾರಾಗಿರಬೇಕು. ಈ ಸೌಲಭ್ಯ ಇರುವುದು ವಯೋನಿವೃತ್ತಿ ಆದವರಿಗೆ ಮತ್ತು ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡವರಿಗೆ. ಸುಮ್ನೆ ರಾಜೀನಾಮೆ ಕೊಟ್ಟು ಹೋದವರಿಗಲ್ಲ. ಎಷ್ಟೋ ಕಡೆ ಏನಾಗುತ್ತದೆ ಅಂದರೆ, ಪಿಎಫ್ ಬೇಗ ಸೆಟಲ್ ಆಗಲಿ ಅಂತ ಆಫೀಸಿನವರು ಒಂದು ಪ್ರಿಂಟ್ ಹಾಳೆ ಮುಂದಿಟ್ಟು ಸಹಿ ಹಾಕಿ ಅನ್ನುತ್ತಾರೆ, ಅದರಲ್ಲಿ ‘ವೈಯಕ್ತಿಕ ಕಾರಣದಿಂದ ರಾಜೀನಾಮೆ ನೀಡುತ್ತಿದ್ದೇನೆ’ ಅಂತ ಇಂಗ್ಲಿಷಿನಲ್ಲಿ ಇರುತ್ತದೆ, ಓದದೆ ಸಹಿ ಹಾಕಿ ಬರುತ್ತಾರೆ. ಆಮೇಲೆ ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋದರೆ ದಾಖಲೆಯಲ್ಲಿ ರಾಜೀನಾಮೆ ಅಂತಿದೆಯಲ್ಲ ಎಂಬ ಮಾತು ಬರುತ್ತದೆ. ಹಾಗಾಗಿ ಆ ಹಾಳೆಯನ್ನು ಓದಿಸಿಕೊಳ್ಳಿ, ಮನೆಯಲ್ಲಿ ಓದಿದ ಮಕ್ಕಳಿದ್ದರೆ ಫೋಟೊ ತೆಗೆದು ಕಳಿಸಿ ಕೇಳಿ. ರಿಲೀವಿಂಗ್ ಲೆಟರ್‌ನಲ್ಲಿ ವಯಸ್ಸು ತುಂಬಿ ನಿವೃತ್ತಿ ಆಗಿದ್ದಾರೆ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ನಿಮ್ಮ ಫ್ಯಾಕ್ಟರಿಯ ನಿಯಮದಲ್ಲಿ ನಿವೃತ್ತಿ ವಯಸ್ಸು 58 ಅಂತಿದ್ದರೆ 58, ಎಲ್ಲೂ ಬರೆದಿಲ್ಲ ಅಂದರೆ ಇಎಸ್‌ಐ ಲೆಕ್ಕಕ್ಕೆ 60. ಇದನ್ನೂ ಈಗಲೇ ಕೇಳಿ ತಿಳಿದುಕೊಳ್ಳಿ.

ಇನ್ನು, ಕೆಲಸ ಬಿಟ್ಟ ಮಾರನೇ ದಿನಕ್ಕೇ ಕಾರ್ಡ್ ನಿಲ್ಲುವುದಿಲ್ಲ. ನೀವು ಈಗಾಗಲೇ ಕಟ್ಟಿರುವ ಕಂತಿಗೆ ತಕ್ಕಂತೆ ಕೆಲವು ತಿಂಗಳು ಸೌಲಭ್ಯ ನಡೆಯುತ್ತದೆ. ಅಷ್ಟರೊಳಗೆ ಇಎಸ್‌ಐ ಕಾರ್ಡ್, ರಿಲೀವಿಂಗ್ ಲೆಟರ್, ಇಬ್ಬರ ಆಧಾರ್, ಫೋಟೊ ಹಿಡಿದು ನಿಮ್ಮ ಬ್ರಾಂಚ್ ಆಫೀಸಿಗೆ ಹೋಗಿ 120 ರೂಪಾಯಿ ಕಟ್ಟಿಬಿಡಿ. ಪ್ರತಿ ವರ್ಷ ಕಟ್ಟುವ ತಿಂಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.

ಪ್ರಶ್ನೆ: ನಾನು ಸೂಪರ್‌ವೈಸರ್ ಆಗಿದ್ದೆ. ಸಂಬಳ 21 ಸಾವಿರ ದಾಟಿದ ಮೇಲೆ ಇಎಸ್‌ಐ ಕಟ್ ಆಯಿತು. 2021ರಲ್ಲಿ ನಿವೃತ್ತಿ, ಆಗ ಸಂಬಳ 27 ಸಾವಿರ. ನನಗೇನೂ ಇಲ್ವಾ? – ಓದುಗರು, ಹರಿಹರ

ಉತ್ತರ: ಇದೆ. ಸಂಬಳ ಸ್ವಲ್ಪ ಜಾಸ್ತಿ ಆಯಿತು ಅನ್ನೋ ಒಂದೇ ಕಾರಣಕ್ಕೆ ನಿವೃತ್ತಿ ಹೊತ್ತಿಗೆ ಹೊರಗುಳಿದವರಿಗಾಗಿ ಇಎಸ್‌ಐ ನಿಗಮ 2024ರ ಫೆಬ್ರವರಿಯಲ್ಲಿ ನಿಯಮ ಸಡಿಲ ಮಾಡಿತು. ಕನಿಷ್ಠ 5 ವರ್ಷ ಇಎಸ್‌ಐನಲ್ಲಿದ್ದು, 2012ರ ಏಪ್ರಿಲ್ 1ರ ನಂತರವೂ ಅದರ ವ್ಯಾಪ್ತಿಯಲ್ಲಿದ್ದು, 2017ರ ಏಪ್ರಿಲ್ 1ರಂದು ಅಥವಾ ಆಮೇಲೆ ನಿವೃತ್ತರಾದವರು, ಆಗಿನ ಸಂಬಳ ತಿಂಗಳಿಗೆ 30 ಸಾವಿರದ ಒಳಗಿದ್ದರೆ ಈ ಸೌಲಭ್ಯಕ್ಕೆ ಬರುತ್ತಾರೆ. ಹಳೇ ಇಎಸ್‌ಐ ನಂಬರ್ ಹುಡುಕಿ. ಕಾರ್ಡ್ ಕಳೆದಿದ್ದರೆ ಹಳೇ ಪೇ ಸ್ಲಿಪ್‌ನಲ್ಲಿ ಆ ನಂಬರ್ ಸಾಮಾನ್ಯವಾಗಿ ಇರುತ್ತದೆ. ಕೌಂಟರಿನಲ್ಲಿ ಇಲ್ಲ ಅಂದರೆ ಅಷ್ಟಕ್ಕೇ ವಾಪಸ್ ಬರಬೇಡಿ, ಬ್ರಾಂಚ್ ಮ್ಯಾನೇಜರ್‌ಗೆ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಪ್ರಶ್ನೆ: ಅಪ್ಪನಿಗೆ 72, ಅಮ್ಮನಿಗೆ 66. ಅಪ್ಪ ಖಾಸಗಿ ಸಂಸ್ಥೆಯಲ್ಲಿ ಕ್ಲರ್ಕ್ ಆಗಿದ್ದವರು, ಪಿಂಚಣಿ ಅಂತ ಇರುವುದು ಪಿಎಫ್‌ನಿಂದ ಬರುವ ಚಿಲ್ಲರೆ ದುಡ್ಡು. ನಮ್ಮದು ಎಪಿಎಲ್ ಕಾರ್ಡ್. ಎಪ್ಪತ್ತು ದಾಟಿದವರಿಗೆ 5 ಲಕ್ಷದ ಕಾರ್ಡ್ ಬಂದಿದೆಯಲ್ಲ, ಅದನ್ನು ಮಾಡಿಸಿದರೆ ಇಬ್ಬರಿಗೂ ಆಗುತ್ತಾ ಮೇಡಂ? – ಮಗಳು, ಹುಬ್ಬಳ್ಳಿ

ಉತ್ತರ: ಅಪ್ಪನಿಗೆ ಮಾತ್ರ. ಅಮ್ಮನಿಗೆ ಇನ್ನೂ ನಾಲ್ಕು ವರ್ಷ ಕಾಯಬೇಕು.

ನೀವು ಹೇಳುತ್ತಿರುವುದು ಆಯುಷ್ಮಾನ್ ವಯ ವಂದನಾ ಕಾರ್ಡ್. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಯೋಜನೆಯನ್ನು 2024ರ ಅಕ್ಟೋಬರ್ 29ರಂದು 70 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಿದರು. ಆದಾಯ ಎಷ್ಟೇ ಇರಲಿ, ರೇಷನ್ ಕಾರ್ಡ್ ಯಾವುದೇ ಇರಲಿ, ಎಪ್ಪತ್ತಾಗಿದ್ದರೆ ಸಾಕು. ವರ್ಷಕ್ಕೆ 5 ಲಕ್ಷ. ಇದು ತಲೆಗೆ 5 ಲಕ್ಷ ಅಲ್ಲ, ಮನೆಯಲ್ಲಿ ಎಪ್ಪತ್ತು ದಾಟಿದವರು ಇಬ್ಬರಿದ್ದರೆ ಇಬ್ಬರಿಗೂ ಸೇರಿ. ಈಗಾಗಲೇ ಬಿಪಿಎಲ್ ಕುಟುಂಬ ಅಂತ ಆಯುಷ್ಮಾನ್‌ನಲ್ಲಿ ಇದ್ದವರಿಗೆ ಮಾತ್ರ ಕುಟುಂಬದ 5 ಲಕ್ಷದ ಮೇಲೆ ಹಿರಿಯರಿಗೆಂದೇ ಬೇರೆ 5 ಲಕ್ಷ ಸೇರುತ್ತದೆ. ಖಾಸಗಿ ಪಾಲಿಸಿ ಇದ್ದರೂ, ಇಎಸ್‌ಐ ಇದ್ದರೂ ಈ ಕಾರ್ಡ್ ಮಾಡಿಸಬಹುದು.

ಇದರ ದೊಡ್ಡ ಗುಣ ಏನು ಗೊತ್ತಾ? ಹಳೇ ಕಾಯಿಲೆಗೆ ಕಾಯುವ ಅವಧಿ ಇಲ್ಲ. ಕಾರ್ಡ್ ಆದ ಮೊದಲ ದಿನದಿಂದಲೇ ಹೃದಯ, ಕಿಡ್ನಿ, ಕ್ಯಾನ್ಸರ್ ಯಾವುದಿದ್ದರೂ ಲೆಕ್ಕಕ್ಕೆ ಬರುತ್ತದೆ. ಎಪ್ಪತ್ತರ ಮೇಲೆ ಇಂಥ ಮಾತು ಯಾವ ಖಾಸಗಿ ಕಂಪನಿಯ ಬಾಯಲ್ಲೂ ಸುಲಭಕ್ಕೆ ಬರುವುದಿಲ್ಲ.

ಇದರ ಮಿತಿಯನ್ನೂ ಹೇಳಲೇಬೇಕು. ಇದು ಅಡ್ಮಿಟ್ ಆದಾಗ ಮಾತ್ರ ಉಪಯೋಗಕ್ಕೆ ಬರುವ ಕಾರ್ಡ್. ಅಡ್ಮಿಟ್ ಆಗುವ ಮುಂಚಿನ 3 ದಿನ, ಡಿಸ್ಚಾರ್ಜ್ ಆದ ಮೇಲಿನ 15 ದಿನದ ಖರ್ಚು ಪ್ಯಾಕೇಜಿನಲ್ಲಿ ಸೇರಿರುತ್ತದೆ. ತಿಂಗಳು ತಿಂಗಳು ಡಾಕ್ಟರ್ ಫೀಸು, ಬಿಪಿ ಮಾತ್ರೆ, ರಕ್ತ ಪರೀಕ್ಷೆ ಇವಕ್ಕೆಲ್ಲ ಒಂದು ಪೈಸೆ ಇಲ್ಲ. ಅದಕ್ಕೆ ಜನೌಷಧಿ ಅಂಗಡಿ, ಸರ್ಕಾರಿ ಆಸ್ಪತ್ರೆ ನೋಡಿಕೊಳ್ಳಬೇಕು.

ಇನ್ನೊಂದು ಮಾತು. ಹಣದಲ್ಲಿ ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು ಅನ್ನುವ ವಿಚಾರಕ್ಕೆ ನಮ್ಮ ರಾಜ್ಯಕ್ಕೂ ಕೇಂದ್ರಕ್ಕೂ ತಕರಾರು ಎದ್ದಿದ್ದನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ. ಆದ್ದರಿಂದ ಕಾರ್ಡ್ ಮಾಡಿಸಿ ಬೀರುವಿನಲ್ಲಿಟ್ಟು ನಿಶ್ಚಿಂತೆಯಿಂದ ಇರಬೇಡಿ. ಅಪ್ಪನನ್ನು ಸಾಮಾನ್ಯವಾಗಿ ತೋರಿಸುವ ಒಂದೆರಡು ಆಸ್ಪತ್ರೆಗೆ ಅವರು ಆರಾಮಾಗಿದ್ದಾಗಲೇ ಒಂದು ಸಲ ಹೋಗಿ. ಅಲ್ಲಿ ‘ಆರೋಗ್ಯಮಿತ್ರ’ ಅಂತ ಬೋರ್ಡ್ ಇರುವ ಒಂದು ಮೇಜು ಇರುತ್ತದೆ. ಅಲ್ಲಿ ಕೂತವರಿಗೆ ಕಾರ್ಡ್ ತೋರಿಸಿ, ‘ವಯ ವಂದನಾ ಕಾರ್ಡ್ ನಿಮ್ಮಲ್ಲಿ ನಡೆಯುತ್ತಾ, ಯಾವ ಯಾವ ವಿಭಾಗಕ್ಕೆ ನಡೆಯುತ್ತಾ’ ಅಂತ ನೇರವಾಗಿ ಕೇಳಿ. ಒಂದೇ ಆಸ್ಪತ್ರೆಯಲ್ಲಿ ಮೂಳೆ ವಿಭಾಗ ಯೋಜನೆಗೆ ಸೇರಿರುತ್ತದೆ, ಹೃದಯದ್ದು ಸೇರಿರುವುದಿಲ್ಲ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದಾಗ ಇದನ್ನು ಕೇಳಿಕೊಂಡು ಕೂರೋಕೆ ಆಗಲ್ಲ ಅಲ್ವಾ? 14555ಕ್ಕೆ ಫೋನ್ ಮಾಡಿದರೂ ಮಾಹಿತಿ ಸಿಗುತ್ತದೆ.

ಈಗ ಅಮ್ಮನ ವಿಷಯ. ಎಪಿಎಲ್ ಕುಟುಂಬಕ್ಕೆ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ಕುಟುಂಬಕ್ಕೆ ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. ಬಿಪಿಎಲ್ ಆದರೆ 5 ಲಕ್ಷದವರೆಗೆ ಪೂರ್ತಿ. ಅಂದರೆ ಅಮ್ಮನ ಆಪರೇಷನ್ನಿಗೆ ಪ್ಯಾಕೇಜ್ ದರ 1 ಲಕ್ಷ ಇದ್ದರೆ 30 ಸಾವಿರ ಸರ್ಕಾರದ್ದು, 70 ಸಾವಿರ ನಿಮ್ಮದು. ಶೇ 30 ಸಿಗುವುದು ಸರ್ಕಾರ ನಿಗದಿ ಮಾಡಿದ ದರದ ಮೇಲೆ, ಆಸ್ಪತ್ರೆ ಹೇಳುವ ಬಿಲ್ಲಿನ ಮೇಲಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದ ಚಿಕಿತ್ಸೆಗೆ ಅವರು ರೆಫರಲ್ ಬರೆದುಕೊಟ್ಟರೆ ಖಾಸಗಿಗೆ ಹೋಗಬಹುದು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ. ಈ ರೆಫರಲ್ ವಿಷಯ ಗೊತ್ತಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಸೇರಿ, ಆಮೇಲೆ ಕಾರ್ಡ್ ತೋರಿಸಿ, ಇಲ್ಲ ಅನ್ನಿಸಿಕೊಂಡವರು ತುಂಬಾ ಜನ. ನೀವು ಹಾಗೆ ಮಾಡಬೇಡಿ, ನಿಮ್ಮೂರಿನ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಿಂದ ಶುರು ಮಾಡಿ.

ಪ್ರಶ್ನೆ: ಖಾಸಗಿ ಕಂಪನಿಯಲ್ಲಿ ಮ್ಯಾನೇಜರ್, ವಯಸ್ಸು 57. ಕಂಪನಿಯ ಗ್ರೂಪ್ ಇನ್ಶೂರೆನ್ಸ್ 5 ಲಕ್ಷದ್ದಿದೆ, 60ಕ್ಕೆ ನಿಲ್ಲುತ್ತದೆ. ಹೇಗೂ ಎಪ್ಪತ್ತಕ್ಕೆ ಸರ್ಕಾರದ ಕಾರ್ಡ್ ಬರುತ್ತದಲ್ಲ, ಈಗ ಪ್ರತ್ಯೇಕ ಪಾಲಿಸಿಗೆ ದುಡ್ಡು ಸುರಿಯಬೇಕಾ? ಸ್ವಲ್ಪ ಬಿಪಿ ಇದೆ, ಬೇರೇನೂ ಇಲ್ಲ. – ಓದುಗರು, ಮೈಸೂರು

ಉತ್ತರ: ಸುರಿಯಬೇಕು. ಅದೂ ಈ ವರ್ಷವೇ. ನಿಮ್ಮ ಪತ್ರ ಓದಿ ನನಗೆ ನಿಜಕ್ಕೂ ಆತಂಕ ಆಯಿತು, ಯಾಕೆಂದರೆ ನೀವು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿರುವುದು 60ರಿಂದ 70ರವರೆಗಿನ ಹತ್ತು ವರ್ಷವನ್ನು. ಸ್ಟೆಂಟ್ ಹಾಕಿಸಿಕೊಳ್ಳುವುದು, ಮಂಡಿ ಬದಲಿಸುವುದು, ಪ್ರಾಸ್ಟೇಟ್, ಕಣ್ಣಿನ ಪೊರೆ, ಇದೆಲ್ಲ ಸಾಮಾನ್ಯವಾಗಿ ಬರುವ ವಯಸ್ಸೇ ಅದು. ಎಪಿಎಲ್ ಕುಟುಂಬದ, ಖಾಸಗಿ ಕೆಲಸದ ನಿವೃತ್ತರಿಗೆ ಆ ಹತ್ತು ವರ್ಷದಲ್ಲಿ ಸರ್ಕಾರದ ಕಡೆಯಿಂದ ಇರುವುದು ಮೇಲೆ ಹೇಳಿದ ಶೇ 30, ಮತ್ತೆ ಜಯದೇವ, ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಗಳ ಕಡಿಮೆ ದರ. ಮೈಸೂರಿನಲ್ಲೇ ಜಯದೇವ ಇದೆ, ಅದು ದೊಡ್ಡ ಧೈರ್ಯ, ಒಪ್ಪುತ್ತೇನೆ. ಆದರೆ ಅದನ್ನೊಂದನ್ನೇ ನಂಬಿ ಕೂರುವುದು ಬೇಡ. ಎಪ್ಪತ್ತರ ಮಿತಿಯನ್ನು ಅರವತ್ತಕ್ಕೆ ಇಳಿಸಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಇಳಿಸುವವರೆಗೆ ನಮ್ಮ ವ್ಯವಸ್ಥೆ ನಾವೇ ಮಾಡಿಕೊಳ್ಳಬೇಕು.

ಈ ವರ್ಷವೇ ಯಾಕೆ ಅಂದರೆ, ಹೊಸ ಪಾಲಿಸಿಯಲ್ಲಿ ಹಳೇ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. ಮೊದಲು ಅದು 4 ವರ್ಷದವರೆಗೂ ಇತ್ತು, 2024ರಿಂದ ಹೆಚ್ಚೆಂದರೆ 3 ವರ್ಷ. ನೀವು 57ಕ್ಕೆ ತೆಗೆದುಕೊಂಡರೆ ಕಂಪನಿಯ ಪಾಲಿಸಿ ಇರುವಾಗಲೇ ಆ ಮೂರು ವರ್ಷ ಕಳೆದುಹೋಗುತ್ತದೆ. 60ಕ್ಕೆ ತೆಗೆದುಕೊಂಡರೆ ಏನೂ ಇಲ್ಲದ ಮೂರು ವರ್ಷ ಬಿಪಿಗೆ ಸಂಬಂಧಪಟ್ಟ ಎಲ್ಲ ಖರ್ಚೂ ನಿಮ್ಮ ಜೇಬಿನದು. ಬಿಪಿ ಇರುವುದನ್ನು ಫಾರ್ಮ್‌ನಲ್ಲಿ ಬರೆಯಿರಿ. ‘ಅದೇನು ದೊಡ್ಡದಲ್ಲ ಸಾರ್, ಬಿಡಿ’ ಅಂತ ಏಜೆಂಟ್ ಹೇಳಿದರೂ ಬರೆಯಿರಿ. ಮುಚ್ಚಿಟ್ಟಿದ್ದು ಗೊತ್ತಾದರೆ ಕ್ಲೇಮ್ ತಿರಸ್ಕಾರ ಆಗುವುದು ಆಸ್ಪತ್ರೆಯ ಹಾಸಿಗೆ ಮೇಲೆ ಮಲಗಿದ್ದಾಗಲೇ.

ಇನ್ನೊಂದು ದಾರಿ ಇದೆ, ಎಚ್‌ಆರ್ ವಿಭಾಗ ತಾನಾಗಿ ಹೇಳುವುದು ಕಡಿಮೆ. ಗ್ರೂಪ್ ಪಾಲಿಸಿ ಯಾವ ಇನ್ಶೂರೆನ್ಸ್ ಕಂಪನಿಯದ್ದೋ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗ ಆಗುವ ಅವಕಾಶ ಇದೆ. ಗ್ರೂಪ್‌ನಲ್ಲಿ ಕಳೆದ ವರ್ಷಗಳನ್ನು ಕಾಯುವ ಅವಧಿಯಲ್ಲಿ ಕಳೆಯುತ್ತಾರೆ. ಕಂಪನಿ ನಿಮ್ಮ ಆರೋಗ್ಯ ನೋಡಿ ಒಪ್ಪಬೇಕು, ಪ್ರೀಮಿಯಂ ನಿಮ್ಮ ವಯಸ್ಸಿನದ್ದೇ ಆಗುತ್ತದೆ. ಆದರೂ ಒಳ್ಳೇದು. ಕಡೇ ದಿನ ಕೇಳಬೇಡಿ, ಎರಡು ಮೂರು ತಿಂಗಳು ಮುಂಚೆಯೇ ಕೇಳಿ.

ಪ್ರೀಮಿಯಂ ಹೊರೆ ಸ್ವಲ್ಪ ಇಳಿದಿದೆ ಅನ್ನೋದು ಸಮಾಧಾನದ ವಿಷಯ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಮೊದಲು ಶೇ 18 ಇತ್ತು. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ಜೊತೆ ಮೊದಲು ಸಮಾಲೋಚಿಸಬೇಕು ಅಂತ 2025ರ ಜನವರಿಯಲ್ಲಿ ಆದೇಶ ಆಗಿದೆ. 65 ಆದ ಮೇಲೆ ಹೊಸ ಪಾಲಿಸಿ ಕೊಡಲ್ಲ ಅನ್ನೋ ಹಳೇ ವಯಸ್ಸಿನ ಮಿತಿಯನ್ನೂ ತೆಗೆದಿದ್ದಾರೆ. ಸರ್ಕಾರದ ಕಂಪನಿಯೇ ಬೇಕು ಅನ್ನುವವರಿಗೆ ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ ನಾಲ್ಕಿವೆ. ಯಾವುದೇ ತೆಗೆದುಕೊಳ್ಳಿ, ಕೋ–ಪೇ ಎಷ್ಟು ಅಂತ ನೋಡಿ. ಕೋ–ಪೇ ಶೇ 20 ಅಂದರೆ 4 ಲಕ್ಷದ ಬಿಲ್ಲಿನಲ್ಲಿ 80 ಸಾವಿರ ನೀವೇ ಕಟ್ಟಬೇಕು.

ಪ್ರಶ್ನೆ: ಅಂಚೆ ಇಲಾಖೆಯಿಂದ ನಿವೃತ್ತಿ ಆಗುತ್ತಿದ್ದೇನೆ. ಪೇ ಲೆವೆಲ್ 6. ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ, ಪಿಂಚಣಿದಾರರ ಆರೋಗ್ಯ ಯೋಜನೆ) ತಗೊಳ್ಳೋದಾ, ತಿಂಗಳಿಗೆ ಸಾವಿರ ರೂಪಾಯಿ ಮೆಡಿಕಲ್ ಅಲೋಯೆನ್ಸ್ ತಗೊಳ್ಳೋದಾ? ನಮ್ಮೂರಲ್ಲಿ ಸಿಜಿಎಚ್‌ಎಸ್ ಡಿಸ್ಪೆನ್ಸರಿ ಇಲ್ಲ. – ಓದುಗರು, ಚಿಕ್ಕಮಗಳೂರು

ಉತ್ತರ: ಎರಡನ್ನೂ ಹೊಂದಿಸಿಕೊಳ್ಳಬಹುದು. ಸಿಜಿಎಚ್‌ಎಸ್ ಇಲ್ಲದ ಊರಿನ ಪಿಂಚಣಿದಾರರು ಹೊರರೋಗಿ ಖರ್ಚಿಗೆ ಆ ಸಾವಿರ ರೂಪಾಯಿ ಇಟ್ಟುಕೊಂಡು, ಅಡ್ಮಿಟ್ ಆಗುವ ಚಿಕಿತ್ಸೆಗೆ ಮಾತ್ರ ಸಿಜಿಎಚ್‌ಎಸ್ ಕಾರ್ಡ್ ಮಾಡಿಸಬಹುದು. ಲೆವೆಲ್ 6ಕ್ಕೆ ವಂತಿಗೆ ತಿಂಗಳಿಗೆ 450. ಹತ್ತು ವರ್ಷದ್ದನ್ನು ಒಟ್ಟಿಗೆ, ಅಂದರೆ 54 ಸಾವಿರ ಕಟ್ಟಿದರೆ ಜೀವನಪೂರ್ತಿ ಮತ್ತೆ ಕಟ್ಟಬೇಕಿಲ್ಲ. ಗ್ರಾಚ್ಯುಟಿ ಕೈಗೆ ಬಂದಾಗ ಮೊದಲು ಇದನ್ನು ಮುಗಿಸಿ, ಮನೆ ಮೇಲೆ ಮಹಡಿ ಆಮೇಲೆ ಕಟ್ಟಿಸಿ. ಎಪ್ಪತ್ತಾದ ಮೇಲೆ ವಯ ವಂದನಾ ಬೇಕಾ ಸಿಜಿಎಚ್‌ಎಸ್ ಬೇಕಾ ಅಂತ ಒಂದನ್ನು ಆರಿಸಿಕೊಳ್ಳಲು ಹೇಳುತ್ತಾರೆ. ಸಿಜಿಎಚ್‌ಎಸ್ ಬಿಡಬೇಡಿ.

ಪ್ರಶ್ನೆ: ನಾನು ರೈತ, ನಮಗೆ ನಿವೃತ್ತಿ ಎಲ್ಲಿಂದ ಬರಬೇಕು? ಡೇರಿಗೆ ಹಾಲು ಹಾಕ್ತೀನಿ. ಯಶಸ್ವಿನಿ ಮಾಡಿಸು ಅಂತಾರೆ. ಹಿಂದೆ ನಿಂತು ಹೋಗಿತ್ತಲ್ಲ? – ರೈತ ಓದುಗರು, ಮದ್ದೂರು

ಉತ್ತರ: 2003ರಲ್ಲಿ ಶುರುವಾಗಿದ್ದ ಯಶಸ್ವಿನಿ 2018ರಲ್ಲಿ ನಿಂತಿತ್ತು, 2023ರ ಜನವರಿಯಿಂದ ಮತ್ತೆ ಜಾರಿಯಾಗಿದೆ. ಸಹಕಾರ ಸಂಘದ ಸದಸ್ಯರಿಗೆ ಇರುವ ಯೋಜನೆ ಇದು, ಹಾಲು ಉತ್ಪಾದಕರ ಸಂಘವೂ ಸೇರಿ. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಅದಕ್ಕಿಂತ ಜಾಸ್ತಿ ಇದ್ದರೆ ತಲೆಗೆ ನೂರು. ಕುಟುಂಬಕ್ಕೆ 5 ಲಕ್ಷದವರೆಗೆ. ಎಪಿಎಲ್ ಕಾರ್ಡಿನ ರೈತರಿಗೆ ಶೇ 30ಕ್ಕಿಂತ ಇದು ಎಷ್ಟೋ ವಾಸಿ. ಹೆಸರು ನೋಂದಾಯಿಸಲು ವರ್ಷದಲ್ಲಿ ಕೆಲವೇ ತಿಂಗಳು ಅವಕಾಶ, ಆಮೇಲೆ ಹೋದರೆ ಮುಂದಿನ ವರ್ಷವೇ. ಡೇರಿ ಕಾರ್ಯದರ್ಶಿಯನ್ನು ನಾಳೆ ಬೆಳಿಗ್ಗೆ ಹಾಲು ಹಾಕುವಾಗಲೇ ಕೇಳಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಇಪ್ಪತ್ತೈದು ವರ್ಷ ಕೆಲಸ. 65ಕ್ಕೆ ಮೆಡಿಕೇರ್ (ಅಮೆರಿಕ ಸರ್ಕಾರದ ಹಿರಿಯರ ಆರೋಗ್ಯ ವಿಮೆ) ಸಿಗುತ್ತದೆ, ಆಮೇಲೆ ಶಿವಮೊಗ್ಗಕ್ಕೆ ಬಂದು ನೆಲೆಸುವ ಆಸೆ. ಮೆಡಿಕೇರ್ ಅಲ್ಲಿ ನಡೆಯುತ್ತಾ? – ಅನಿವಾಸಿ ಓದುಗರು

ಉತ್ತರ: ನಡೆಯುವುದಿಲ್ಲ. ಭಾರತದಲ್ಲಿ ಮಾಡಿಸಿದ ಚಿಕಿತ್ಸೆಗೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಅಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ತೆರಿಗೆ ಕಟ್ಟಿ ದುಡಿದಿರುವುದರಿಂದ ಅದರ ಪಾರ್ಟ್ ಎಗೆ (ಅಡ್ಮಿಟ್ ಆದಾಗಿನ ಖರ್ಚಿನ ಭಾಗ) ನಿಮಗೆ ಪ್ರೀಮಿಯಂ ಇಲ್ಲ, ಅದನ್ನು ತೆಗೆದುಕೊಳ್ಳಿ. ಪಾರ್ಟ್ ಬಿಗೆ (ಡಾಕ್ಟರ್, ಹೊರರೋಗಿ ಖರ್ಚಿನ ಭಾಗ) ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ಇಲ್ಲಿಗೆ ಬಂದೆ ಅಂತ ಅದನ್ನು ಬಿಟ್ಟು, ನಾಲ್ಕೈದು ವರ್ಷ ಆದ ಮೇಲೆ ಮೊಮ್ಮಕ್ಕಳ ಹತ್ತಿರ ವಾಪಸ್ ಹೋದರೆ, ಬಿಟ್ಟ ಪ್ರತಿ 12 ತಿಂಗಳಿಗೆ ಶೇ 10ರಂತೆ ದಂಡ ಸೇರಿ ಪ್ರೀಮಿಯಂ ಏರುತ್ತದೆ, ಆ ದಂಡ ಪಾರ್ಟ್ ಬಿ ಇರುವವರೆಗೂ ತಪ್ಪುವುದಿಲ್ಲ. ವಾಪಸ್ ಹೋಗುವ ಸಾಧ್ಯತೆ ಇದ್ದರೆ ಅದನ್ನೂ ಲೆಕ್ಕ ಹಾಕಿ. ಇಲ್ಲಿಗೆ ಬರುವ ಮೂರು ವರ್ಷ ಮುಂಚೆಯೇ ಇಲ್ಲಿನ ಒಂದು ಪಾಲಿಸಿ ಮಾಡಿಸಲು ಆಗುತ್ತದಾ ಅಂತ ವಿಚಾರಿಸಿ.

ಪ್ರಶ್ನೆ: ನಮ್ಮ ತಾಯಿಗೆ ನಿಜವಾದ ವಯಸ್ಸು 71. ಆಧಾರ್‌ನಲ್ಲಿ 67 ಅಂತಿದೆ, ಜನವರಿ 1 ಅಂತ ಯಾರೋ ಹಾಕಿಬಿಟ್ಟಿದ್ದಾರೆ. ವಯ ವಂದನಾ ಕಾರ್ಡ್ ಸಿಗುತ್ತಾ? – ಮಗ, ರಾಯಚೂರು

ಉತ್ತರ: ಆಧಾರ್‌ನಲ್ಲಿ ಏನಿದೆಯೋ ಅದೇ ಲೆಕ್ಕ, ಹಾಗಾಗಿ ಈಗ ಸಿಗುವುದಿಲ್ಲ. ಮೊದಲು ಆಧಾರ್ ತಿದ್ದಿಸಬೇಕು, ಅದಕ್ಕೆ ಹುಟ್ಟಿದ ದಿನಾಂಕದ ದಾಖಲೆ ಬೇಕು. ಅವರು ಒಂದೆರಡು ಕ್ಲಾಸ್ ಓದಿದ್ದರೂ ಆ ಊರಿನ ಶಾಲೆಯ ಹಳೇ ದಾಖಲಾತಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಅಲ್ಲಿಂದ ಹುಡುಕಲು ಶುರು ಮಾಡಿ. ಅದನ್ನು ಆಧಾರ್ ಕೇಂದ್ರದಲ್ಲಿ ತೋರಿಸಿ, ಅವರ ಪಟ್ಟಿಯಲ್ಲಿರುವ ಯಾವ ರೂಪದಲ್ಲಿ ದಾಖಲೆ ಬೇಕು ಅಂತ ಕೇಳಿಕೊಂಡು ಬನ್ನಿ. ಹುಟ್ಟಿದ ದಿನಾಂಕ ಬದಲಿಸಲು ಸಾಮಾನ್ಯವಾಗಿ ಒಂದೇ ಸಲ ಅವಕಾಶ. ಹಾಗಾಗಿ ದಾಖಲೆ ಪಕ್ಕಾ ಆಗುವವರೆಗೆ ಅರ್ಜಿ ಹಾಕಬೇಡಿ. ಅಲ್ಲಿಯವರೆಗೆ ಬಿಪಿಎಲ್ ಕಾರ್ಡ್ ಇದ್ದರೆ ತಾಯಿಯ ಹೆಸರು ಅದರಲ್ಲಿ ಇದೆಯಾ ನೋಡಿ, ಇದ್ದರೆ ಅದೇ ಕಾರ್ಡ್‌ನಲ್ಲಿ ಈಗಲೇ ಚಿಕಿತ್ಸೆ ಆಗುತ್ತದೆ.